ಅಡುಗೆಮನೆ ಒಡೆದಾಗ ಮನೇಲೇ ಊಟ ಮಾಡೋದು ಹೇಗೆ: ಶಿರಸಿ ಕಡೆಯ ಒಂದು ಮನೆಯ 41 ದಿನ

ನಮ್ಮನೆ ಅಡುಗೆಮನೆ ಒಡೆಸಿ ಹೊಸದಾಗಿ ಮಾಡಿಸಿದ್ವಿ. ಮೇಸ್ತ್ರಿ ಹೇಳಿದ್ದು 15 ದಿನ, ಆಗಿದ್ದು 41 ದಿನ. ಹಳೇ ಕಡಪಾ ಕಲ್ಲಿನ ಕಟ್ಟೆ ತೆಗ್ದು ಗ್ರಾನೈಟ್ ಹಾಕೋದು, ಸಿಂಕ್ ಕಿಟಕಿ ಕೆಳಗೆ ತರೋದು, ನೆಲಕ್ಕೆ ಟೈಲ್ಸು, ಹೊಸ ವೈರಿಂಗು, ಕೆಲಸ ಇಷ್ಟೇ ಇತ್ತು. ಮನೇಲಿ ಐದು ಜನ, ಅತ್ತೆಗೆ ಶುಗರ್ ಇರೋದ್ರಿಂದ ಅವ್ರಿಗೆ ಟೈಮಿಗೆ ಸರಿಯಾಗಿ ಊಟ ಆಗ್ಲೇಬೇಕು, ಮಗನಿಗೆ ಪರೀಕ್ಷೆ ಬೇರೆ, ದಿನಾ ಪೇಟೆಗೆ ಹೋಗಿ ಹೋಟೆಲ್ ಊಟ ತರೋದು ಆಗೋ ಮಾತಲ್ಲ. ಹಾಗಾಗಿ 41 ದಿನದಲ್ಲಿ ಹೊರಗಿಂದ ಊಟ ತರಿಸಿದ್ದು ಆರೇ ಸಲ. ಉಳಿದಿದ್ದೆಲ್ಲ ಜಗಲಿ ಮೂಲೆಲಿ ಮಾಡಿದ ಅಡುಗೆ. ಈಗ ನಮ್ಮೂರಲ್ಲಿ ಇನ್ನೂ ಎರಡು ಮೂರು ಮನೆಯವ್ರು ಅಡುಗೆಮನೆಗೆ ಕೈ ಹಾಕೋಕೆ ಹೊರಟಿದ್ದಾರೆ, ಎಲ್ರೂ ಫೋನ್ ಮಾಡಿ ಕೇಳ್ತಾರೆ, ಅದಕ್ಕೇ ಎಲ್ಲ ಒಂದು ಕಡೆ ಬರೆದಿಡೋಣ ಅನ್ನಿಸ್ತು.

ಎಲ್ರೂ ಮೊದಲು ಕೇಳೋದು ಒಲೆ ಎಲ್ಲಿ ಇಟ್ಕೊಂಡ್ರಿ ಹೇಳಿ. ನಾನು ಹೇಳೋದು, ಒಲೆ ಬಗ್ಗೆ ಚಿಂತೆ ಬೇಡ, ಅದು ಎಲ್ಲಿ ಬೇಕಾದ್ರೂ ಕೂರ್ತದೆ. ನಿಜವಾದ ತೊಂದರೆ ಸಿಂಕ್ ಇಲ್ಲದೇ ಇರೋದು. ಪಾತ್ರೆ ತೊಳೆಯೋದಕ್ಕೆ ಎಷ್ಟು ಕಷ್ಟ ಅನ್ನೋದ್ರ ಮೇಲೆ ಇವತ್ತು ಏನು ಅಡುಗೆ ಅಂತ ನಿರ್ಧಾರ ಆಗ್ಬೇಕು. ಇದೊಂದು ತಲೇಲಿ ಕೂತ್ರೆ ಉಳಿದದ್ದೆಲ್ಲ ತಾನಾಗೇ ದಾರಿಗೆ ಬರ್ತದೆ.

ಯಾವ ತಿಂಗಳು ಒಡೆಯೋದು

ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಬೇಡ. ನಮ್ಮ ಮಳೇಲಿ ಸಿಮೆಂಟು ಬೇಗ ಒಣಗೋದಿಲ್ಲ, ಅಂಗಳದಲ್ಲಿ ಟೈಲ್ಸ್ ಕಟ್ ಮಾಡೋಕೆ ಜಾಗ ಇರೋದಿಲ್ಲ, ಮಾತೆತ್ತಿದ್ರೆ ಕರೆಂಟು ಹೋಗ್ತದೆ. ಅಡಕೆ ಕೊನೆಕೊಯ್ಲು ಸುಲಿತದ ಟೈಮಲ್ಲೂ ಬೇಡ, ಕೆಲಸಕ್ಕೆ ಬಂದವ್ರಿಗೆ ಆಸ್ರಿಗೆ (ಕುಡಿಯೋಕೆ), ಊಟ ಎಲ್ಲ ನಮ್ಮ ಅಡುಗೆಮನೆಯಿಂದ್ಲೇ ಹೋಗ್ಬೇಕಲ್ಲ. ಕೊಯ್ಲು ಮುಗಿದ ಮೇಲೆ, ಬೇಸಿಗೆ ರಜೆ ಶುರುವಾಗೋ ಮೊದಲು ಸಿಗೋ ಆ ಎರಡು ತಿಂಗಳು ಒಳ್ಳೇದು. ಆದ್ರೆ ಮಾರಿಕಾಂಬಾ ಜಾತ್ರೆ ಇರೋ ವರ್ಷ ಆ ಹೊತ್ತಿಗೇ ಜಾತ್ರೆ ಬೀಳ್ತದೆ, ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ ಅಂದ್ಮೇಲೆ ಮನೆ ತುಂಬ ನೆಂಟರು, ಆ ವರ್ಷ ಮಾತ್ರ ಮುಂದೆ ಹಾಕಿ. ಇನ್ನೊಂದು, ಮಾವಿನಮಿಡಿ ಬರೋದೂ ಇದೇ ಹೊತ್ತಿಗೆ. ನಾನು ಒಡೆಯೋಕೆ ಮೊದ್ಲೇ ಉಪ್ಪು ಹೊಯ್ದು ಭರಣಿ ಬಾಯಿಗೆ ಬಟ್ಟೆ ಕಟ್ಟಿ ಮೆತ್ತಿ (ಅಟ್ಟ) ಮೇಲೆ ಇಟ್ಬಿಟ್ಟೆ. ನೀವೂ ಹಾಗೇ ಮಾಡಿ, ಧೂಳಿನ ಮಧ್ಯ ಮಿಡಿ ತೊಳೆಯೋಕೆ ಹೋಗ್ಬೇಡಿ.

ಒಡೆಯೋ ಹಿಂದಿನ ವಾರ

ಪಾತ್ರೆ ಎಲ್ಲ ಡಬ್ಬಕ್ಕೆ ತುಂಬೋ ಮೊದ್ಲು ಯಾವುದು ಹೊರಗೆ ಉಳಿಬೇಕು ಅನ್ನೋದನ್ನ ತೆಗ್ದಿಡಿ. ನಾನು ಮೊದ್ಲು ಎರಡು ಬುಟ್ಟಿ ತುಂಬಿದ್ದೆ, ನಾಲ್ಕೇ ದಿನಕ್ಕೆ ಗೊತ್ತಾಯ್ತು ಒಂದು ಬುಟ್ಟಿ ಸಾಕು ಹೇಳಿ, ಯಾಕಂದ್ರೆ ಇದ್ದಷ್ಟು ಪಾತ್ರೆ ಕೊಳೆ ಆಗ್ತದೆ, ಅಷ್ಟನ್ನೂ ಬಗ್ಗಿ ಕೂತು ತೊಳಿಬೇಕು. ನಮ್ಮ ಬುಟ್ಟೀಲಿ ಕೊನೆಗೆ ಉಳಿದಿದ್ದು ಇಷ್ಟು: ಒಂದು ಕುಕ್ಕರ್, ಒಂದು ಬಾಣಲೆ, ದೋಸೆ ಕಾವಲಿ, ಹಾಲಿನ ಪಾತ್ರೆ, ಮುಚ್ಚಳ ಇರೋ ಎರಡು ಸ್ಟೀಲ್ ಡಬರಿ, ಒಗ್ಗರಣೆ ಸೌಟು, ಮಿಕ್ಸಿಗೆ ಒಂದೇ ಜಾರು, ಈಳಿಗೆಮಣೆ, ಒಂದು ಚಾಕು, ಐದು ಲೋಟ, ಎರಡು ಲೀಟರಿನ ಫ್ಲಾಸ್ಕು. ಊಟದ ತಟ್ಟೆ ಪೂರ್ತಿ ಒಳಗೆ ಹೋಯ್ತು. ನಮ್ಮ ಕಡೆ ತೋಟ ಇದ್ದವ್ರಿಗೆ ಬಾಳೆಲೆಗೆ ಬರ ಇಲ್ಲ, ಪೇಟೆಲಿದ್ದವ್ರಿಗೆ ಅಡಕೆ ಹಾಳೆ ತಟ್ಟೆ ಸಿಗ್ತದೆ. ಹಾಳೆ ತಟ್ಟೆ ಒಣಗಿಸಿ ಇಟ್ಕೊಂಡಿದ್ರೆ ತಿಂಡಿಗೆ ಬಹಳ ಅನುಕೂಲ, ತಿಂದಾದ್ಮೇಲೆ ತೆಂಗಿನ ಬುಡಕ್ಕೆ.

ಸಾಮಾನು ಡಬ್ಬಕ್ಕೆ ತುಂಬುವಾಗ ಪ್ರತಿ ಡಬ್ಬದ ಮೇಲೂ ಒಳಗೇನಿದೆ ಅಂತ ದೊಡ್ಡದಾಗಿ ಬರೀರಿ. ಅಕ್ಕಿ, ಬೇಳೆ, ಬೆಲ್ಲ, ಉಪ್ಪು, ಸಾರಿನ ಪುಡಿ, ಜೀರಿಗೆ, ಸಾಸಿವೆ, ಇಂಗು, ಕಷಾಯದ ಪುಡಿ ಇವಿಷ್ಟು ಒಂದು ತಿಂಗಳಿಗೆ ಆಗೋವಷ್ಟು ಬಿಗಿ ಮುಚ್ಚಳದ ಡಬ್ಬದಲ್ಲಿ ಹೊರಗೆ ಇರ್ಲಿ. ಸಾರಿನ ಪುಡಿ, ಚಟ್ನಿಪುಡಿ ಮೊದಲೇ ಜಾಸ್ತಿ ಮಾಡಿಟ್ಕೊಳ್ಳಿ. ಕಾಯಿ ತುರಿದು ಫ್ರೀಜರ್‌ನಲ್ಲಿ ಸಣ್ಣ ಸಣ್ಣ ಡಬ್ಬದಲ್ಲಿ ಇಟ್ರೆ ದಿನಾ ಬೆಳಿಗ್ಗೆ ತುರಿಯೋ ಕೆಲ್ಸ ತಪ್ತದೆ. ಹಪ್ಪಳ ಸಂಡಿಗೆ ಬಾಳ್ಕದ ಮೆಣಸು ಇದ್ದಿದ್ದೂ ಎಷ್ಟು ಉಪಕಾರ ಆಯ್ತು ಅಂದ್ರೆ, ಎರಡು ದಿನಕ್ಕೊಮ್ಮೆ ಕಾಲು ಗಂಟೆ ಬಾಣಲೆ ಇಟ್ಟು ಕರಿದು ಡಬ್ಬಕ್ಕೆ ಹಾಕಿದ್ರೆ ಪಲ್ಯ ಇಲ್ದಿದ್ರೂ ಊಟ ಒಪ್ಪುಗೆ ಆಗ್ತದೆ.

ಜಾಗ ಮತ್ತು ಗ್ಯಾಸು

ಜಗಲಿ ಇದ್ರೆ ಜಗಲಿ, ಇಲ್ದಿದ್ರೆ ಕಿಟಕಿ ಇರೋ ಒಂದು ರೂಮು. ಒಂದು ಗಟ್ಟಿ ಮೇಜು, ಅದರ ಮೇಲೆ ಹಳೇ ಕಡಪಾ ಚೂರು ಅಥವಾ ಉಳಿದ ಟೈಲ್ಸ್ ಹಾಸಿ ಒಲೆ ಇಡಿ. ಮರದ ಮೇಲೆ ನೇರ ಇಡ್ಬೇಡಿ. ಕೆಳಗೆ ಕೂತು ಮಾಡ್ತೀವಿ ಅಂತ ಒಲೆಯನ್ನ ನೆಲದ ಮೇಲೆ ಇಡೋದೂ ಬೇಡ, ಒಲೆ ಯಾವಾಗ್ಲೂ ಸಿಲಿಂಡರ್‌ಗಿಂತ ಎತ್ತರದಲ್ಲಿ ಇರ್ಬೇಕು, ಸಿಲಿಂಡರ್ ನೆಟ್ಟಗೆ ನಿಂತಿರ್ಬೇಕು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗೋದಿಲ್ಲ, ನೆಲದಲ್ಲಿ ಹರಡಿ ತಗ್ಗಲ್ಲಿ ನಿಲ್ತದೆ. ಇದೇ ಕಾರಣಕ್ಕೆ ಒಂದು ವಿಷಯ ಗಟ್ಟಿಯಾಗಿ ಹೇಳ್ತೇನೆ: ಬಚ್ಚಲುಮನೇಲಿ ಹಂಡೆ ಒಲೆ ಉರೀತಾ ಇರೋವಾಗ ಜಾಗ ಇದೆ ಹೇಳಿ ಸಿಲಿಂಡರನ್ನ ಅಲ್ಲಿ ಇಡ್ಲೇಬೇಡಿ. ನಮ್ಮ ಕಡೆ ಸುಮಾರು ಮನೇಲಿ ಇದೇ ಮಾಡೋಕೆ ಹೋಗ್ತಾರೆ, ನೀರೂ ಅಲ್ಲೇ ಇದೆ ಅಂತ. ಬೇಡ.

ಪೈಪ್ ಹಳೇದಾಗಿದ್ರೆ ಈಗಲೇ ಬದಲಿಸಿ, ಆ ಕಿತ್ತಲೆ ಬಣ್ಣದ ಪೈಪ್‌ಗೆ 5 ವರ್ಷದ ಆಯಸ್ಸು, ತಾರೀಕು ಪೈಪ್ ಮೇಲೇ ಬರೆದಿರ್ತದೆ. ಸಿಲಿಂಡರ್ ಜಾಗ ಬದಲಿಸಿದ ಮೇಲೆ ಸೋಪಿನ ನೊರೆ ಜಾಯಿಂಟ್‌ಗೆ ಹಚ್ಚಿ ಗುಳ್ಳೆ ಏಳ್ತದಾ ನೋಡಿ, ಕಡ್ಡಿ ಗೀರಿ ನೋಡೋದು ಬೇಡ. ಸೋರ್ತಾ ಇದೆ ಅನ್ನಿಸಿದ್ರೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಯಾವುದೂ ಮುಟ್ಟದೇ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಗ್ಯಾಸ್ ಸೋರಿಕೆಗೆ ಅಂತಲೇ ಇರೋ ನಂಬರು ಅದು.

ಇಂಡಕ್ಷನ್ ತರೋದಾದ್ರೆ ಮೊದ್ಲು ಪ್ಲಗ್ ನೋಡಿ. ಇಂಡಕ್ಷನ್ ಒಲೆ 1800ರಿಂದ 2000 ವ್ಯಾಟ್ ಎಳೀತದೆ. ಮಾಮೂಲಿ ಸಣ್ಣ ಪಾಯಿಂಟು 6 ಆಂಪಿಯರಿಂದು, 230 ವೋಲ್ಟಿನ ಲೆಕ್ಕಕ್ಕೆ 1380 ವ್ಯಾಟಿಗೇ ಅದರ ಮಿತಿ ಮುಗೀತು. ದೊಡ್ಡ ತೂತಿನ 16 ಆಂಪಿಯರ್ ಪಾಯಿಂಟೇ ಬೇಕು, ಸಣ್ಣದಕ್ಕೆ ಅಡಾಪ್ಟರ್ ಹಾಕಿ ನಡೆಸಿದ್ರೆ ಬೋರ್ಡು ಸುಡ್ತದೆ. ಹಳೇ ಮನೆ ವೈರಿಂಗ್ ಆದ್ರೆ ಕೆಲಸ ಶುರು ಮಾಡೋ ದಿನವೇ ಎಲೆಕ್ಟ್ರಿಷಿಯನ್ ಹತ್ರ ಜಗಲಿಗೆ ಅರ್ತಿಂಗ್ ಸಮೇತ ಒಂದು ತಾತ್ಕಾಲಿಕ ಪಾಯಿಂಟ್ ಹಾಕಿಸ್ಕೊಳ್ಳಿ, ಟೈಲ್ಸ್ ಕಟ್ ಮಾಡೋ ಮಷೀನಿಗೆ ಆ ಪಾಯಿಂಟ್ ಕೊಡ್ಬೇಡಿ. ಪಾತ್ರೆ ತಳಕ್ಕೆ ಅಯಸ್ಕಾಂತ ಅಂಟಿದ್ರೆ ಮಾತ್ರ ಇಂಡಕ್ಷನ್ ಮೇಲೆ ನಡೀತದೆ, ಹಳೇ ಅಲ್ಯುಮಿನಿಯಂ ಕುಕ್ಕರ್ ನಡೆಯೋದಿಲ್ಲ. ನನ್ನ ಕೇಳಿದ್ರೆ ಇಂಡಕ್ಷನ್‌ಗಿಂತ ಸಣ್ಣ ಎಲೆಕ್ಟ್ರಿಕ್ ರೈಸ್ ಕುಕ್ಕರ್ ವಾಸಿ, 700 ವ್ಯಾಟ್ ಆಸುಪಾಸು ಸಾಕು, ಅನ್ನ ಅದರ ಪಾಡಿಗೆ ಅದು ಆಗ್ತಾ ಇದ್ರೆ ಒಂದೇ ಗ್ಯಾಸ್ ಒಲೇಲಿ ಉಳಿದದ್ದು ಮುಗಿಸ್ಬಹುದು. ಕರೆಂಟು ಹೋದ್ರೆ ಗ್ಯಾಸ್ ಇದ್ದೇ ಇದೆ.

ನೀರು

ಕುಡಿಯೋಕೆ, ಅಡುಗೆಗೆ ಒಂದು ಕೊಡಪಾನ, ಮುಚ್ಚಳ ಹಾಕಿ ಎತ್ತರದ ಜಾಗದಲ್ಲಿ. ಪಾತ್ರೆಗೆ ಮೂರು ಪ್ಲಾಸ್ಟಿಕ್ ಬೋಗುಣಿ ಸಾಲಾಗಿ: ಒಂದರಲ್ಲಿ ತಿಕ್ಕೋದು, ಎರಡನೇದ್ರಲ್ಲಿ ಸೋಪು ಬಿಡಿಸೋದು, ಮೂರನೇದ್ರಲ್ಲಿ ಮುಳುಗಿಸಿ ತೆಗೆಯೋದು. ಮೊದಲ ಬೋಗುಣಿ ಕೊಳೆ ಆದ್ರೆ ಚೆಲ್ಲಿ, ಎರಡನೇದು ಮೊದಲನೇದಾಗ್ತದೆ, ಹೀಗೆ ನೀರು ಬಹಳ ಉಳೀತದೆ. ತೊಳೆಯೋ ಮೊದ್ಲು ಎಣ್ಣೆ ಜಿಡ್ಡು, ಉಳಿದ ಅಗಳನ್ನ ಬಾಳೆಲೆ ಚೂರಿಂದ ಒರೆಸಿ ತೆಗೀರಿ, ಆಗ ನೀರು ಬಾಳೆ ಬುಡಕ್ಕೆ ಬಿಟ್ರೂ ವಾಸನೆ ಬರೋದಿಲ್ಲ. ಗಾರೆಯವ್ರ ಬಕೆಟ್ಟಿಗೆ ಬಣ್ಣದ ಟೇಪ್ ಸುತ್ತಿ ಬೇರೆ ಇಡಿ. ಸಿಮೆಂಟ್ ಕಲಸಿದ ಬಕೆಟ್ ನೋಡೋಕೆ ತೊಳೆದ ಹಾಗೇ ಕಾಣ್ತದೆ, ಮಕ್ಕಳಿಗೆ ಗೊತ್ತಾಗೋದಿಲ್ಲ.

ಧೂಳು

ಇದನ್ನ ನಾನು ಮೊದಲು ಹಗುರ ಮಾಡಿದ್ದೆ. ಹತ್ತನೇ ದಿನ ಇರ್ಬೇಕು, ತೆಳ್ಳೇವಿಗೆ (ತೆಳು ಅಕ್ಕಿ ದೋಸೆ) ಹೇಳಿ ಅಕ್ಕಿ ಬೀಸಿ ಡಬರೀಲಿ ಇಟ್ಟು ಮೇಲೆ ತಟ್ಟೆ ಮುಚ್ಚಿದ್ದೆ, ತಟ್ಟೆ ಒಂದು ಬದಿ ಬೆರಳಷ್ಟು ಸರಿದಿತ್ತು. ಒಳಗೆ ಟೈಲ್ಸ್ ಕೊಯ್ಯೋಕೆ ಶುರು ಮಾಡಿದಾರೆ, ಮೊದಲೇ ಹೇಳಿದ್ದೆ ಅಂಗಳದಲ್ಲಿ ಕೊಯ್ರಿ ಅಂತ, ಆದ್ರೂ ಒಂದೇ ಟೈಲ್ ಅಂತ ಒಳಗೇ ಕೊಯ್ದ್ರು. ಸಂಜೆ ತಟ್ಟೆ ತೆಗೆದ್ರೆ ಹಿಟ್ಟಿನ ಮೇಲೆ ತೆಳ್ಳಗೆ ಬೂದಿ ಬಣ್ಣದ ಕೆನೆ ಹಾಗೆ ನಿಂತಿತ್ತು, ಬೆರಳಿಂದ ಮುಟ್ಟಿದ್ರೆ ಮರಳು ಮರಳು. ಅಷ್ಟೂ ಹಿಟ್ಟು ಚೆಲ್ಲಬೇಕಾಯ್ತು, ಅತ್ತೆ ಏನೂ ಹೇಳ್ಲಿಲ್ಲ ಆದ್ರೆ ನನಗೆ ಅವತ್ತು ಅಳುವೇ ಬಂತು. ಟೈಲ್ಸ್ ಗ್ರಾನೈಟ್ ನೀರು ಬಿಡದೇ ಕೊಯ್ದಾಗ ಏಳೋ ಧೂಳಲ್ಲಿ ಸಿಲಿಕಾ ಇರ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಊಟಕ್ಕೆ ಬೀಳೋದು ಆಮೇಲಿನ ಮಾತು, ಕೊಯ್ಯೋ ಹುಡುಗರಿಗೇ ಮೊದಲು ಕೆಟ್ಟದ್ದು. ಹಾಗಾಗಿ ನೀರು ಬಿಟ್ಕೊಂಡೇ ಕೊಯ್ಬೇಕು, ಹೊರಗೇ ಕೊಯ್ಬೇಕು, ಮುಖಕ್ಕೆ ಮಾಸ್ಕ್ ಕೊಡಿ, ಇದನ್ನ ಮೊದಲನೇ ದಿನವೇ ಮೇಸ್ತ್ರಿ ಹತ್ರ ಖಡಕ್ಕಾಗಿ ಮಾತಾಡ್ಕೊಳ್ಳಿ.

ಅವತ್ತಿಂದ ನಾನು ಮಾಡಿದ್ದು: ಅಡುಗೆಮನೆ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಶೀಟು, ಅದರ ಈಚೆಗೆ ಒದ್ದೆ ಹತ್ತಿ ಸೀರೆ. ಧೂಳು ಸೀರೆಗೆ ಅಂಟ್ತದೆ, ಸಂಜೆ ಒಗೆದ್ರೆ ನೀರು ಸುಣ್ಣದ ಹಾಗೆ ಬರ್ತದೆ, ಆಗ ಗೊತ್ತಾಗ್ತದೆ ಎಷ್ಟು ಒಳಗೆ ಬರ್ತಿತ್ತು ಅಂತ. ಊಟದ ಸಾಮಾನು ಎಲ್ಲ ತಿರುಪಿನ ಮುಚ್ಚಳದ ಡಬ್ಬಕ್ಕೆ, ತಟ್ಟೆ ಮುಚ್ಚೋ ಪದ್ಧತಿ ಬಂದ್. ಬಳಸೋ ಮೊದ್ಲು ಪಾತ್ರೆ ಒಂದ್ಸಲ ನೀರಲ್ಲಿ ಜಾಲಾಡಿಸಿ, ತೊಳೆದಿಟ್ಟಿದ್ದೇ ಆದ್ರೂ. ಫ್ರಿಜ್ ಬೇರೆ ರೂಮಿಗೆ ಹಾಕಿ, ಹಿಂದಿನ ಧೂಳು ವಾರಕ್ಕೊಮ್ಮೆ ಪ್ಲಗ್ ತೆಗ್ದು ಒರೆಸಿ.

ಈಗ ಅಡುಗೆ

ನಮ್ಮ ಕಡೆಯವ್ರಿಗೆ ದೊಡ್ಡ ಅನುಕೂಲ ಒಂದಿದೆ. ನಮ್ಮ ಊಟದಲ್ಲಿ ಅರ್ಧ ಪದಾರ್ಥಕ್ಕೆ ಬೆಂಕಿಯೇ ಬೇಡ. ತಂಬುಳಿ, ಹಶಿ, ಸಾಸ್ಮೆ, ಗೊಜ್ಜು, ಇವೆಲ್ಲ ಬೀಸಿದ್ರೆ ಆಯ್ತು, ಮಜ್ಜಿಗೆಗೋ ಮೊಸರಿಗೋ ಬೆರೆಸಿದ್ರೆ ಆಯ್ತು. ಹಾಗಾಗಿ ಅನ್ನ ಒಂದು ಆದ್ರೆ ಊಟ ಆದ ಹಾಗೇ ಲೆಕ್ಕ. ಬೇರೆ ಊರಲ್ಲಿ ಅಡುಗೆಮನೆ ಒಡೆದ್ರೆ ಬ್ರೆಡ್ ತಿಂದು ಕಾಲ ಕಳೀತಾರೆ, ನಮಗೆ ಆ ಗತಿ ಇಲ್ಲ.

ಶುಂಠಿ ತಂಬುಳಿ ನಾನು ವಾರಕ್ಕೆ ಎರಡು ಸಲವಾದ್ರೂ ಮಾಡ್ತಿದ್ದೆ, ಒಂದೇ ಜಾರಲ್ಲಿ ಆಗೋದ್ರಿಂದ. ಹಸಿ ಶುಂಠಿ ಒಂದಿಂಚು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ, ಒಂದು ಮುಷ್ಟಿ ಕಾಯಿತುರಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸು, ಉಪ್ಪು, ಇಷ್ಟನ್ನ ಸ್ವಲ್ಪವೇ ನೀರಲ್ಲಿ ನುಣ್ಣಗೆ ಬೀಸಿ. ಡಬರಿಗೆ ಸುರಿದ ಮೇಲೆ ಜಾರಿಗೇ ಮಜ್ಜಿಗೆ ಹೊಯ್ದು ಮುಚ್ಚಳ ಹಾಕಿ ಒಂದು ಸುತ್ತು ತಿರುಗಿಸಿ, ಬದಿಗೆ ಅಂಟಿದ್ದ ಕಾಯಿ ಎಲ್ಲ ಬಿಟ್ಟು ಬರ್ತದೆ, ತಂಬುಳಿಯೂ ದಪ್ಪ ಆಗ್ತದೆ, ಜಾರು ಮುಕ್ಕಾಲು ತೊಳೆದ ಹಾಗೂ ಆಗ್ತದೆ. ಅರ್ಧ ಲೀಟರ್ ಮಜ್ಜಿಗೆ ಐದು ಜನಕ್ಕೆ ಸಾಕು. ತುಪ್ಪ ಜೀರಿಗೆ ಒಗ್ಗರಣೆ ಕೊಟ್ರೆ ಚಂದ, ಕೊಡದಿದ್ರೂ ನಡೀತದೆ. ಹೀಗೇ ತೋಟದ ಕಾಲುವೆ ಬದಿ ಸಿಗೋ ಒಂದೆಲಗ ಹಸೀದೇ ಬೀಸಬಹುದು, ಬೇರಿನ ಮಣ್ಣು ಹೋಗೋ ಹಾಗೆ ನಾಲ್ಕು ನೀರಲ್ಲಿ ತೊಳೀಬೇಕು ಅಷ್ಟೇ. ದೊಡ್ಡಪತ್ರೆ ಆದ್ರೆ ತುಪ್ಪದಲ್ಲಿ ಸ್ವಲ್ಪ ಬಾಡಿಸ್ಬೇಕು. ಒಣಗಿಸಿಟ್ಟ ನೆಲ್ಲಿ ಇದ್ರೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ತಂಬುಳಿ.

ಸೌತೆಕಾಯಿ ಹಶಿಗೆ ಬೆಂಕಿ ಬೇಡವೇ ಬೇಡ, ಕಾಯಿ ಸಾಸಿವೆ ಬೀಸಿ ಮೊಸರಿಗೆ ಹಾಕಿ ಹೆಚ್ಚಿದ ಸೌತೆ ಬೆರೆಸೋದು. ಮಾವಿನಕಾಯಿ ಕಾಲ ಆದ್ರೆ ಅಪ್ಪೆಹುಳಿ: ಒಂದು ಕಾಯಿ ಬೇಯಿಸಿ, ಕಿವುಚಿ, ನೀರು ಉಪ್ಪು ಹಾಕಿ, ಇಂಗು ಸಾಸಿವೆ ಹಸಿಮೆಣಸಿನ ಒಗ್ಗರಣೆ. ಅನ್ನದ ಜೊತೆಗೇ ಕುಕ್ಕರಲ್ಲಿ ಕಾಯಿ ಇಟ್ಬಿಡಿ, ಪ್ರತ್ಯೇಕ ಪಾತ್ರೆ ಬೇಡ. ಬಚ್ಚಲು ಒಲೇಲಿ ಕೆಂಡ ಇದ್ರೆ ಬದನೆಕಾಯಿಗೆ ಎಣ್ಣೆ ಸವರಿ ಅಲ್ಲೇ ಸುಟ್ಟು ಗೊಜ್ಜು ಮಾಡಿ. ಆ ಕೆಂಡವನ್ನ ಬಾಣಲೆಗೆ ಹಾಕಿ ಮುಚ್ಚಿದ ರೂಮಿಗೆ ತಂದು ಅಡುಗೆ ಮಾಡೋಕೆ ಮಾತ್ರ ಹೋಗ್ಬೇಡಿ, ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೀತದೆ.

ಬೆಳಿಗ್ಗೆ ತಿಂಡಿಗೆ ಹಚ್ಚಿದ ಅವಲಕ್ಕಿ. ತೆಳು ಅವಲಕ್ಕಿ, ಕಾಯಿತುರಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಕೊಬ್ಬರಿ ಎಣ್ಣೆ, ಬೇಕಾದ್ರೆ ಈರುಳ್ಳಿ, ಕೈಯಲ್ಲೇ ಕಲಸಿ ಹಾಳೆ ತಟ್ಟೆಗೆ. ಒಂದು ದಿನ ಮೊಸರವಲಕ್ಕಿ, ಒಂದು ದಿನ ಉಪ್ಪಿಟ್ಟು, ಒಂದು ದಿನ ತೆಳ್ಳೇವು. ಚಪಾತಿ ಮಾತ್ರ ನಾನು ಪೂರ್ತಿ ಕೈಬಿಟ್ಟೆ. ಕಲಸೋ ಪಾತ್ರೆ, ಮಣೆ, ಲಟ್ಟಣಿಗೆ, ಹಾರೋ ಹಿಟ್ಟು, ಒಂದು ಚಪಾತಿಗೆ ಎಷ್ಟು ಜಾಗ ಕೊಳೆ! ಅತ್ತೆಗೆ ರಾತ್ರಿಗೆ ಬೇಕೇ ಬೇಕು ಅಂದಾಗ ಮನೇಲಿ ಮಾಡಿಕೊಡೋ ಒಬ್ಬ ಅಕ್ಕನ ಹತ್ರ ಹೇಳಿಟ್ಟು ತರಿಸಿದ್ವಿ. ಹೊರಗಿಂದ ತರೋದಾದ್ರೆ ಇಂಥದ್ದನ್ನ ತರಿಸಿ, ಅನ್ನ ಸಾರು ತರಿಸೋಕೆ ದುಡ್ಡು ಹಾಕ್ಬೇಡಿ.

ಅಡುಗೆ ಹೊತ್ತು ಬೆಳಿಗ್ಗೆ 6ರಿಂದ 8. ಕೆಲಸದವ್ರು 9ಕ್ಕೆ ಬರೋ ಮೊದಲು ಅನ್ನ, ಸಾರು ಮುಗಿದು ಹಾಟ್‌ಬಾಕ್ಸಿಗೆ ಹೋಗಿರ್ಬೇಕು, ಪಾತ್ರೆ ತೊಳೆದಿರ್ಬೇಕು. ತಂಬುಳಿ ಊಟದ ಹೊತ್ತಿಗೇ ಬೀಸಿ. ಹಾಟ್‌ಬಾಕ್ಸ್‌ನಲ್ಲಿ ಅನ್ನ ಹೊಗೆಯಾಡೋ ಬಿಸಿ ಇರೋ ತನಕ ತೊಂದರೆ ಇಲ್ಲ. ಆದ್ರೆ ಉಗುರು ಬೆಚ್ಚಗೆ ಆದ ಅನ್ನವನ್ನ ಎರಡು ಗಂಟೆ ಮೀರಿ ಹೊರಗೆ ಬಿಡ್ಬೇಡಿ, ಫ್ರಿಜ್‌ಗೆ ಹಾಕಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದ್ರೂ ಉಳೀತವೆ, ಬೆಚ್ಚಗಿದ್ದಾಗ ಬೆಳೆದು ವಿಷ ಬಿಡ್ತವೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗೋದಿಲ್ಲ. ಮಾರ್ಚ್ ಸೆಖೆಗೆ ಇದು ನೆನಪಿರ್ಲಿ.

ಕೆಲಸದವ್ರ ಚಾ

ಇದನ್ನ ಲೆಕ್ಕಕ್ಕೆ ಹಿಡಿಯೋದೇ ಎಲ್ರೂ ಮರೀತಾರೆ. ಆರು ಜನಕ್ಕೆ ಹತ್ತೂವರೆಗೆ ಒಂದು ಸಲ, ನಾಲ್ಕಕ್ಕೆ ಒಂದು ಸಲ. ಬೆಳಿಗ್ಗೆ ಅಡುಗೆ ಜೊತೆಗೇ ಒಂದು ಫ್ಲಾಸ್ಕ್ ಕಷಾಯ ಅಥವಾ ಚಾ ಮಾಡಿ ಇಟ್ಬಿಡಿ. ಮಧ್ಯಾಹ್ನದ್ದಕ್ಕೆ ಮುರುಗಲು (ಕೋಕಂ) ಪಾನಕ: ಒಣ ಸಿಪ್ಪೆ ಎರಡು ಗಂಟೆ ನೆನೆಹಾಕಿ ಕಿವುಚಿ ಬೆಲ್ಲ, ಉಪ್ಪು, ಜೀರಿಗೆ ಪುಡಿ ಹಾಕಿದ್ರೆ ಆಯ್ತು, ಬೆಂಕಿ ಬೇಡ, ಬಿಸಿಲಲ್ಲಿ ಕೆಲಸ ಮಾಡೋವ್ರಿಗೆ ಚಾಕ್ಕಿಂತ ಇದೇ ಹಿಡಿಸ್ತು. ಒಂದು ಹರಿವಾಣದಲ್ಲಿ ಕವಳ (ಎಲೆ ಅಡಕೆ) ಇಟ್ಬಿಟ್ರೆ ಮುಗೀತು.

ಕರಾವಳಿ ಕಡೆಯವ್ರಿಗೆ ಎರಡು ಮಾತು

ನನ್ನ ತಂಗಿ ಕಾರವಾರದಲ್ಲಿ ಫ್ಲ್ಯಾಟಲ್ಲಿ ಇರೋದು, ಅವಳಿಗೆ ಜಗಲಿ ಇಲ್ಲ, ಬಾಲ್ಕನಿಯಲ್ಲಿ ಗ್ಯಾಸ್ ಇಟ್ಕೊಂಡ್ಳು. ಸಮುದ್ರದ ಗಾಳಿಗೆ ಉರಿ ಆರಿ ಹೋಗ್ತದೆ, ಗ್ಯಾಸ್ ಮಾತ್ರ ಬರ್ತಾ ಇರ್ತದೆ, ಹಾಗಾಗಿ ಒಲೆ ಮೂರು ಬದಿಗೆ ತಗಡು ನಿಲ್ಲಿಸಿ, ಸಿಲಿಂಡರ್ ಸುತ್ತ ಮಾತ್ರ ಮುಚ್ಬೇಡಿ. ಅಲ್ಲಿಯ ಹವೆಗೆ ಅವಲಕ್ಕಿ ಹಪ್ಪಳ ಒಂದೇ ದಿನಕ್ಕೆ ಮೆತ್ತಗಾಗ್ತವೆ, ಸಣ್ಣ ಡಬ್ಬದಲ್ಲಿ ಸ್ವಲ್ಪ ಸ್ವಲ್ಪ ತೆಗೀರಿ. ಕುಚ್ಚಲಕ್ಕಿ ಉಣ್ಣೋವ್ರು ಥರ್ಮಲ್ ಕುಕ್ಕರ್ ಬಳಸಿದ್ರೆ ಗ್ಯಾಸ್ ಉಳೀತದೆ, ಅರ್ಧ ಗಂಟೆ ಚೆನ್ನಾಗಿ ಕುದಿಸಿ ಡಬ್ಬದೊಳಗೆ ಇಟ್ಟು ಬಿಟ್ರೆ ಅದೇ ಬೇಯ್ತದೆ. ಅವಳ ಪಕ್ಕದ ಮನೆಯವ್ರು ಮೀನು ಮಾಡೋವ್ರು, ಅವ್ರು ಇದೇ ಹಾಗೆ ಮನೆ ಕೆಲಸ ಮಾಡಿಸಿದಾಗ ಮಾರ್ಕೆಟಲ್ಲೇ ಮೀನು ಕೊಯ್ಸಿ ಕ್ಲೀನ್ ಮಾಡ್ಸಿ ತಂದು ಅದೇ ಹೊತ್ತಿಗೆ ಸಾರು ಮಾಡಿ ಮುಗಿಸ್ತಿದ್ರಂತೆ, ಹುರಿಯೋದನ್ನ ಪೂರ್ತಿ ಬಿಟ್ಟಿದ್ರಂತೆ, ಎಣ್ಣೆ ಸಿಡಿದ ನೆಲ ತೊಳೆಯೋಕೆ ನೀರಿಲ್ಲ ಅಂತ. ಉಳಿದ ದಿನ ಒಣ ಸಿಗಡಿ ಚಟ್ನಿ, ಗಂಜಿ.

ವಾಪಸ್ ಹೋಗುವಾಗ

ಕೆಲಸ ಮುಗೀತು ಅಂದ ದಿನವೇ ಸಾಮಾನು ಒಳಗೆ ತರ್ಬೇಡಿ. ಟೈಲ್ಸ್ ಸಂದಿಗೆ ತುಂಬಿದ್ದು ಕನಿಷ್ಠ 24 ಗಂಟೆ ಒಣಗಲಿ, ಹೊಸ ಕಟ್ಟೆ ಮೇಲೆ ಭಾರ ಯಾವಾಗ ಇಡಬಹುದು ಅಂತ ಮೇಸ್ತ್ರಿ ಹತ್ರ ಕೇಳಿಯೇ ಇಡಿ. ನಲ್ಲಿ ಬಾಯಿಯ ಜಾಲರಿ ಬಿಚ್ಚಿ ಐದು ನಿಮಿಷ ನೀರು ಬಿಡಿ, ನಮ್ಮದ್ರಲ್ಲಿ ಮರಳು, ಸಿಮೆಂಟ್ ಚೂರು ಎಲ್ಲ ಬಂತು. ಸಿಂಕ್ ಕೆಳಗೆ ಒಣ ಪೇಪರ್ ಹಾಸಿ ರಾತ್ರಿ ಬಿಟ್ಟು ಬೆಳಿಗ್ಗೆ ಒದ್ದೆ ಆಗಿದೆಯಾ ನೋಡಿ, ಮೇಸ್ತ್ರಿ ಕೊನೇ ಕಂತು ತಗೊಳ್ಳೋ ಮೊದ್ಲು ನೋಡಿ. ಕಪಾಟಿನ ಒಳಗೆ ಒಂದ್ಸಲ ಒದ್ದೆ ಬಟ್ಟೆ, ಒಂದ್ಸಲ ಒಣ ಬಟ್ಟೆ. ಗ್ಯಾಸ್ ಜೋಡಿಸಿ ಮತ್ತೆ ಸೋಪಿನ ನೊರೆ ಹಚ್ಚಿ ನೋಡಿ, ಆಮೇಲೆ ಹಾಲು ಉಕ್ಕಿಸಿ. ಎಣ್ಣೆ, ತುಪ್ಪ, ಬೆಣ್ಣೆ ಪೇಂಟಿನ ವಾಸನೆ ಬೇಗ ಹಿಡ್ಕೊಳ್ತವೆ, ವಾಸನೆ ಪೂರ್ತಿ ಹೋದ ಮೇಲೆ ಅವನ್ನ ತನ್ನಿ. ಮೆತ್ತಿ ಮೇಲಿನ ಮಿಡಿ ಭರಣಿ ನಾನು ಕೊಟ್ಟಕೊನೆಗೆ, ಹದಿನೈದು ದಿನ ಬಿಟ್ಟು ಇಳಿಸಿದೆ.